ಮನೆಗೂ ಕಾರಿಗೂ ಒಂದೇ ಕಂಪನಿಯ ವಿಮೆ: ಎರಡು ಕ್ಲೇಮುಗಳ ನಂತರ

ಮನೆ ಮತ್ತು ಕಾರು ಎರಡಕ್ಕೂ ಒಂದೇ ಕಂಪನಿಯಲ್ಲಿ ವಿಮೆ ಮಾಡಿಸಿ ಆರು ವರ್ಷಗಳಾದವು. ಮೊದಲ ನಾಲ್ಕು ವರ್ಷ ಪ್ರೀಮಿಯಂ ಕಟ್ಟಿದ್ದು ಬಿಟ್ಟರೆ ಪಾಲಿಸಿಯ ಪುಸ್ತಿಕೆಯನ್ನು ನಾನು ತೆರೆದು ನೋಡಿರಲಿಲ್ಲ. ಆಮೇಲೆ ಎರಡು ಕ್ಲೇಮುಗಳನ್ನು ಸಲ್ಲಿಸಬೇಕಾಗಿ ಬಂದುದರಿಂದ, ಈ ಸೇವೆಯ ಕುರಿತು ಅನುಭವದ ಮೇಲೆ ಕೆಲವು ಮಾತು ಹೇಳಬಲ್ಲೆ.

ಮೊದಲನೆಯದು ಮನೆಯದು. ಅಡುಗೆಮನೆಯ ಗೋಡೆಯೊಳಗಿನ ನೀರಿನ ಪೈಪು ರಾತ್ರಿ ಒಡೆದು, ಬೆಳಗಾಗುವಷ್ಟರಲ್ಲಿ ಪಕ್ಕದ ಕೋಣೆಯ ಮರದ ಕಪಾಟಿನ ಬುಡ ಉಬ್ಬಿಹೋಗಿತ್ತು. ಫೋನು ಮಾಡಿದ ಮರುದಿನವೇ ಬಂದ, ಹಾನಿಯನ್ನು ಅಂದಾಜು ಮಾಡುವ ವಿಮಾ ಸರ್ವೇಯರ್, ತೇವ ಅಳೆಯುವ ಉಪಕರಣದ ಎರಡು ಮೊನೆಗಳನ್ನು ಗೋಡೆಗೆ ಒತ್ತಿ, ನೆಲದಿಂದ ಒಂದೊಂದು ಗೇಣು ಮೇಲೇರುತ್ತಾ ಅಂಕಿಗಳನ್ನು ಬರೆದುಕೊಂಡರು. ಬಳಿಕ ಪೈಪಿನ ತುಂಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಪರೀಕ್ಷಿಸಿದರು. ಪೈಪು ಒಮ್ಮೆಗೇ ಸೀಳಿದ್ದೋ, ತಿಂಗಳುಗಟ್ಟಲೆ ಜಿನುಗಿ ತುಕ್ಕು ತಿಂದದ್ದೋ ಎಂಬುದರ ಮೇಲೆಯೇ ಎಲ್ಲವೂ ನಿಂತಿತ್ತು. ಹಠಾತ್ತಾಗಿ ಆದ ಹಾನಿಗೆ ಪರಿಹಾರವುಂಟು, ಕಾಲಕ್ರಮದ ಸವೆತಕ್ಕೂ ದುರಸ್ತಿ ಮಾಡಿಸದ ಉಪೇಕ್ಷೆಗೂ ಇಲ್ಲ. ನಮ್ಮದು ಸೀಳಿದ ಪೈಪೆಂದು ಅವರು ವರದಿ ಬರೆದರು.

ಆದರೂ ಕೈಗೆ ಬಂದ ಹಣ ನಾನು ಎಣಿಸಿದ್ದಕ್ಕಿಂತ ಬಹಳ ಕಡಿಮೆಯಿತ್ತು. ನಾನು ಮನೆಗೆ ಹಾಕಿಸಿದ್ದ ವಿಮಾ ಮೊತ್ತ ಹಳೆಯದು, ಕಟ್ಟಡದ ಖರ್ಚು ಈ ನಡುವೆ ಏರಿತ್ತು. ಮನೆಯನ್ನು ಮತ್ತೆ ಕಟ್ಟಲು 100 ಪಾಲು ಬೇಕಿದ್ದು 60 ಪಾಲಿಗೆ ಮಾತ್ರ ವಿಮೆಯಿದ್ದರೆ, 20 ಪಾಲಿನ ಹಾನಿಗೆ ಸಿಗುವುದು 12 ಮಾತ್ರ. ವಿಮಾ ಮೊತ್ತ ಕಡಿಮೆಯಿದ್ದರೆ ಪರಿಹಾರವನ್ನೂ ಅದೇ ಪ್ರಮಾಣದಲ್ಲಿ ಇಳಿಸುವ ‘ಸರಾಸರಿ ಷರತ್ತು’ ಇರುವ ಪಾಲಿಸಿಗಳಲ್ಲಿ ಲೆಕ್ಕ ಹೀಗೆಯೇ. ನಿವೇಶನದ ಬೆಲೆ ಇದರಲ್ಲಿ ಸೇರುವುದಿಲ್ಲ. ಸುಟ್ಟರೂ ಕುಸಿದರೂ ನೆಲ ಅಲ್ಲೇ ಇರುತ್ತದೆ. ತಪ್ಪು ನನ್ನದೇ ಎಂದು ಒಪ್ಪುತ್ತೇನೆ. ಆದರೆ ಪ್ರತಿ ವರ್ಷದ ನವೀಕರಣ ಪತ್ರದಲ್ಲಿ ‘ಈ ಮೊತ್ತ ಇಂದಿಗೂ ಸಾಕೇ?’ ಎಂದು ಒಂದು ಸಾಲು ಕೇಳುವುದು ಕಂಪನಿಗೆ ಕಷ್ಟವಾಗಿರಲಿಲ್ಲ. ಈ ಸೇವೆಯ ಬಗ್ಗೆ ನನ್ನ ಅತಿ ದೊಡ್ಡ ದೂರು ಇದೇ.

ಎರಡನೆಯದು ಕಾರಿನದು. ನಿಲ್ಲಿಸಿದ್ದ ಕಾರಿನ ಗಾಜು ಒಡೆದು ಯಾರೋ ಲ್ಯಾಪ್‌ಟಾಪ್ ಇದ್ದ ಚೀಲವನ್ನು ಕದ್ದರು. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದಿದ್ದರೆ, ಅದು ಇತರರಿಗೆ ನಮ್ಮಿಂದಾಗುವ ಹಾನಿಗಷ್ಟೇ ಆದ್ದರಿಂದ, ಗಾಜಿಗೂ ಏನೂ ಬರುತ್ತಿರಲಿಲ್ಲ. ನನ್ನದು ಸ್ವಂತ ಕಾರಿನ ಹಾನಿಗೂ ಅನ್ವಯಿಸುವ ಸಮಗ್ರ ಪಾಲಿಸಿಯಾಗಿತ್ತು. ಕ್ಲೇಮು ದಾಖಲಿಸುವ ಮುನ್ನವೇ ಸಿಬ್ಬಂದಿಯೊಬ್ಬರು, ನಾನೇ ಭರಿಸಬೇಕಾದ ಮೊದಲ ಪಾಲನ್ನು ಕಳೆದರೆ ಎಷ್ಟು ಉಳಿಯುತ್ತದೆ, ಕ್ಲೇಮು ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಎಷ್ಟು ಹೋಗುತ್ತದೆ ಎಂದು ಅಕ್ಕಪಕ್ಕ ಲೆಕ್ಕ ಹಾಕಿ ತೋರಿಸಿದರು. ಗಾಜನ್ನು ಸ್ವಂತ ಖರ್ಚಿನಲ್ಲಿ ಹಾಕಿಸುವುದೇ ಲಾಭವೆಂದು ಗೊತ್ತಾಯಿತು. ಈ ಪ್ರಾಮಾಣಿಕತೆಗೆ ಪೂರ್ಣ ಅಂಕ ಕೊಡುತ್ತೇನೆ.

ಕ್ಲೇಮು ಉಳಿದದ್ದು ಲ್ಯಾಪ್‌ಟಾಪಿಗೆ, ಅದೂ ತಿರಸ್ಕೃತವಾಯಿತು. ಕಾರಿನ ಪಾಲಿಸಿ ಕಾರಿಗೆ, ಅದರೊಳಗಿಟ್ಟ ವಸ್ತುಗಳಿಗಲ್ಲ. ಮನೆಯ ಪಾಲಿಸಿಯಲ್ಲಿ ವಸ್ತುಗಳಿಗೆ ರಕ್ಷಣೆಯಿದ್ದರೂ ಅದು ಮನೆಯ ನಾಲ್ಕು ಗೋಡೆಗಳೊಳಗೆ ಮಾತ್ರ. ಎರಡೂ ಒಂದೇ ಕಂಪನಿಯವಾದ್ದರಿಂದ ನಡುವೆ ಸಂದಿ ಇರಲಾರದೆಂದು ನಂಬಿದ್ದೆ. ಹೊರಗೆ ಕೊಂಡೊಯ್ಯುವ ವಸ್ತುಗಳಿಗೆ ಹೆಚ್ಚುವರಿ ರಕ್ಷಣೆ ಪ್ರತ್ಯೇಕವಾಗಿ ಸಿಗುತ್ತದೆಂದು ಪುಸ್ತಿಕೆಯ ಕೊನೆಯ ಪುಟಗಳಲ್ಲಿ, ತೀರಾ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನೀರು ತುಂಬಿದ ರಸ್ತೆಯಲ್ಲಿ ನಿಂತುಹೋದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಪರಿಹಾರವಿಲ್ಲ ಎಂಬುದೂ ಅದೇ ಪುಟದಲ್ಲಿತ್ತು. ಇಂಥ ಮಾತು ಮೊದಲ ಪುಟದಲ್ಲಿರಬೇಕು.

ಸ್ಪಂದನೆಯ ವೇಗಕ್ಕೂ ಸಿಬ್ಬಂದಿಯ ನಡವಳಿಕೆಗೂ ಐದರಲ್ಲಿ ನಾಲ್ಕೂವರೆ, ಪುಸ್ತಿಕೆಗೆ ಎರಡು. ಈ ವರ್ಷವೂ ಅಲ್ಲಿಯೇ ನವೀಕರಿಸಿದ್ದೇನೆ. ಮನೆಯ ಮೊತ್ತವನ್ನು ಇಂದಿನ ಕಟ್ಟಡ ವೆಚ್ಚಕ್ಕೆ ಏರಿಸಿ, ಹೊರಗಿನ ವಸ್ತುಗಳ ರಕ್ಷಣೆಯನ್ನೂ ಸೇರಿಸಿಕೊಂಡೆ. ಹೊಸ ಪಾಲಿಸಿಯ ವಿವರಪಟ್ಟಿಯಲ್ಲಿ ಹೊಸ ಲ್ಯಾಪ್‌ಟಾಪಿನ ಸೀರಿಯಲ್ ಸಂಖ್ಯೆ ಸರಿಯಾಗಿ ನಮೂದಾಗಿದೆಯೇ ಎಂದು ಒಂದೊಂದೇ ಅಂಕಿ ತಾಳೆ ನೋಡಿಯೇ ಹಣ ಕಟ್ಟಿದೆ.