ಶೇ 6ರ ಲೈಬ್ರರಿ: ನಮ್ಮ ವಾರ್ಡಿನ ಶಾಖೆ ಹೇಗಿದೆ?

ಆಸ್ತಿ ತೆರಿಗೆ ಲೆಕ್ಕವನ್ನು ಯಾರೂ ಪೂರ್ತಿ ಓದುವುದಿಲ್ಲ. ಕೊನೆಯ ಮೊತ್ತ ನೋಡಿ, ಒಂದೆರಡು ಮಾತು ಬೈದು, ಕಟ್ಟಿ ಬರುತ್ತೇವೆ. ಆ ಮೊತ್ತದೊಳಗೆ ಬೇರೆ ಬೇರೆ ಕರಗಳು ಸೇರಿಕೊಂಡಿರುತ್ತವೆ. ಆರೋಗ್ಯ ಕರ, ಭಿಕ್ಷುಕರ ಕರ, ಗ್ರಂಥಾಲಯ ಕರ. ಗ್ರಂಥಾಲಯದ ಪಾಲು ತೆರಿಗೆಯ ಮೇಲೆ ಶೇ 6. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಬಂದದ್ದು ಇದು. 2,000 ರೂಪಾಯಿ ತೆರಿಗೆ ಕಟ್ಟುವ ಮನೆಯಿಂದ ವರ್ಷಕ್ಕೆ 120 ರೂಪಾಯಿ ಲೈಬ್ರರಿಗೆ. ಬಾಡಿಗೆಯವರೂ ಓನರ್ ಕೈಯಲ್ಲಿ ಇದನ್ನು ಕೊಡುತ್ತಲೇ ಇದ್ದಾರೆ. ಅಂದಮೇಲೆ ಲೈಬ್ರರಿ ಪುಕ್ಕಟೆ ಅಲ್ಲ. ದುಡ್ಡು ಕೊಟ್ಟವರು ಹೋಟೆಲಿನ ಇಡ್ಲಿ ಬಗ್ಗೆ ಬರೆಯಬಹುದಾದರೆ ಇದರ ಬಗ್ಗೆಯೂ ಬರೆಯಬಹುದಲ್ವಾ?

ಬೆಂಗಳೂರಿನ ಪಶ್ಚಿಮದ ಕಡೆಯ ಒಂದು ಶಾಖೆ ಇದು. ಹೆಸರು ಹೇಳುವುದಿಲ್ಲ. ಅಲ್ಲಿ ಲೈಬ್ರರಿ ನೋಡಿಕೊಳ್ಳುವ ಮೇಡಂಗೆ ನನ್ನಿಂದ ತೊಂದರೆ ಆಗಬಾರದು. ನನ್ನದು ಎದುರು ಸಾಲಿನಲ್ಲಿ ಟೈಲರಿಂಗ್ ಅಂಗಡಿ. ಮೆಷಿನ್ ಮುಂದೆ ಕೂತರೆ ಲೈಬ್ರರಿಯ ಮೆಟ್ಟಿಲು ನೇರ ಕಾಣುತ್ತದೆ. ಯಾರು ಬಂದರು, ಯಾರು ಬಾಗಿಲು ಹಾಕಿದ್ದು ನೋಡಿ ವಾಪಸ್ ಹೋದರು, ಎಲ್ಲ ಗೊತ್ತಾಗುತ್ತದೆ. ಬ್ಲೌಸ್ ಆರ್ಡರ್ ಕಡಿಮೆ ಇದ್ದ ದಿನ ನಾನೂ ಹೋಗಿ ಕೂರುತ್ತೇನೆ.

ಮೊದಲು ಪೇಪರ್ ಕೋಣೆ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ನಾಲ್ಕೈದು ಹಿರಿಯರು ನಿಂತಿರುತ್ತಾರೆ. ಕನ್ನಡ ಪೇಪರ್ ಎಲ್ಲವೂ ಬರುತ್ತವೆ, ಇಂಗ್ಲಿಷ್ ಎರಡು. ಇಲ್ಲಿ ಜಗಳ ಅಂತ ನಡೆಯುವುದು ಪ್ರಜಾವಾಣಿಯ ಒಳಪುಟಕ್ಕೆ ಮಾತ್ರ. "ಸಾರ್, ಆ ಶೀಟ್ ಈ ಕಡೆ ಕೊಡಿ, ಅವರು ಆಗಿನಿಂದ ಕಾಯ್ತಾ ಇದಾರೆ" ಅಂತ ಮೇಡಂ ಕೂತಲ್ಲಿಂದಲೇ ಹೇಳುತ್ತಾರೆ. ಪೇಪರ್ ಓದಿ ಮುಗಿದರೂ ಇವರು ಏಳುವುದಿಲ್ಲ. ಇವರಲ್ಲಿ ಒಬ್ಬರು ಎರಡು ದಿನ ಬರದಿದ್ದರೆ ಉಳಿದವರು ಮನೆಗೆ ಫೋನ್ ಮಾಡಿ ವಿಚಾರಿಸುತ್ತಾರೆ. ಈ ಕೆಲಸ ಗ್ರಂಥಾಲಯ ಇಲಾಖೆಯ ಯಾವ ಪಟ್ಟಿಯಲ್ಲೂ ಇಲ್ಲ.

ಒಳಗಿನ ದೊಡ್ಡ ಕೋಣೆ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರದು. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ. ಕುರ್ಚಿ ಹಿಡಿಯಲು ಬ್ಯಾಗ್ ಇಟ್ಟು ಟೀ ಕುಡಿಯಲು ಹೋಗುತ್ತಾರೆ, ಅದೊಂದು ಕೆಟ್ಟ ಚಾಳಿ. ಚಾರ್ಜ್ ಹಾಕುವ ಪಾಯಿಂಟ್ ಇರುವುದೇ ಎರಡು, ಅದಕ್ಕೆ ಸದಾ ಸರದಿ. ಇವರಲ್ಲಿ ಒಬ್ಬ ಹುಡುಗ ರಾತ್ರಿ ಊಟ ಡೆಲಿವರಿ ಮಾಡುತ್ತಾನೆ, ಬೆಳಿಗ್ಗೆ ಇಲ್ಲಿ ಓದುತ್ತಾನೆ. ಪ್ಯಾಂಟ್ ಉದ್ದ ಕಡಿಮೆ ಮಾಡಿಸಲು ಅಂಗಡಿಗೆ ಬಂದಿದ್ದ. "ಎಲ್ಲಾ ಮೊಬೈಲಲ್ಲೇ ಇರತ್ತಲ್ಲಪ್ಪಾ, ಇಲ್ಲಿಗೆ ಯಾಕೆ ಬರ್ತೀಯ" ಅಂತ ಕೇಳಿದೆ. "ಆಂಟಿ, ಪುಸ್ತಕ ನನ್ನ ಹತ್ರಾನೂ ಇದೆ. ಕೂತ್ಕೊಳೋಕೆ ಜಾಗ ಇಲ್ಲ. ರೂಮಲ್ಲಿ ನಾಲ್ಕು ಜನ ಇದೀವಿ" ಅಂದ. ಖಾಸಗಿ ಸ್ಟಡಿ ರೂಮುಗಳು ತಿಂಗಳಿಗೆ ಸಾವಿರಕ್ಕೂ ಮೇಲೆ ಕೇಳುತ್ತವಂತೆ. ಅವನಿಗೆ ಅದು ವಾರದ ಊಟದ ದುಡ್ಡು.

ಹಾಗಾಗಿ ಲೈಬ್ರರಿಗೆ ಈಗ ಯಾರು ಹೋಗುತ್ತಾರೆ ಅನ್ನುವವರಿಗೆ ನಾನು ಈ ಕೋಣೆ ತೋರಿಸುತ್ತೇನೆ. ಜನ ಇಲ್ಲದೆ ಸೊರಗಿರುವ ಜಾಗ ಅಲ್ಲ ಇದು. ಕುರ್ಚಿ ಸಾಲುತ್ತಿಲ್ಲ.

ಪುಸ್ತಕದ ವಿಷಯಕ್ಕೆ ಬಂದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಕಾದಂಬರಿಗಳೆಲ್ಲ ಗಾಜಿನ ಬೀರುವಿನಲ್ಲಿ, ಬೀರುವಿಗೆ ಬೀಗ. ಬೆನ್ನಿನ ಹೆಸರು ಓದಲು ಕತ್ತು ವಾಲಿಸಿ ನಿಲ್ಲಬೇಕು. ಪುಸ್ತಕ ಕಳುವಾದರೆ ಯಾರು ಜವಾಬ್ದಾರಿ ಅನ್ನುವ ಭಯ ಮೇಡಂಗೆ, ಅದು ಅರ್ಥ ಆಗುತ್ತದೆ. ಆದರೆ ಸೀರೆ ಅಂಗಡಿಯವರು ಸೀರೆ ಮುಟ್ಟಬೇಡಿ ಅಂದರೆ ವ್ಯಾಪಾರ ಆಗುತ್ತದಾ? ಕೈಗೆ ತಗೊಂಡು ನಾಲ್ಕು ಪುಟ ತಿರುವಿದರೆ ತಾನೇ ಮನೆಗೆ ಒಯ್ಯುವ ಮನಸ್ಸಾಗುವುದು. ಹೀಗಾಗಿ ಎರವಲು ರಿಜಿಸ್ಟರಿನಲ್ಲಿ ಹೆಸರು ದಿನೇದಿನೇ ಕಡಿಮೆ. ಆಮೇಲೆ "ಯಾರೂ ಓದುವುದಿಲ್ಲ" ಅಂತ ಮಾತು.

ಹೊಸ ಪುಸ್ತಕ ಬರುವುದೂ ನಿಧಾನ. ಕನ್ನಡ ಪುಸ್ತಕಗಳನ್ನು ಇಲಾಖೆ ಸಗಟು ಖರೀದಿಯಲ್ಲಿ ಕೊಳ್ಳುತ್ತದೆ. ಆಯ್ಕೆ, ಖರೀದಿ, ಹಂಚಿಕೆ ಎಲ್ಲ ಮುಗಿದು ನಮ್ಮ ಶಾಖೆಗೆ ಕಟ್ಟು ಬರುವ ಹೊತ್ತಿಗೆ ಪುಸ್ತಕ ಹಳೆಯದಾಗಿರುತ್ತದೆ. ಪ್ರಕಾಶಕರು ಹಣಕ್ಕಾಗಿ ವರ್ಷಗಟ್ಟಲೆ ಕಾದದ್ದು ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಸುಧಾ, ತರಂಗ, ಮಯೂರ ಮಾತ್ರ ಸಮಯಕ್ಕೆ ಸರಿಯಾಗಿ ಬರುತ್ತವೆ, ಅದನ್ನು ಒಪ್ಪಬೇಕು.

ಇದಕ್ಕೆಲ್ಲ ಮೂಲ ಆ ಶೇ 6. ತೆರಿಗೆಯ ಜೊತೆ ಕರ ವಸೂಲು ಮಾಡುವುದು ಪಾಲಿಕೆ. ಅದನ್ನು ಗ್ರಂಥಾಲಯಕ್ಕೆ ದಾಟಿಸಬೇಕಾದ್ದೂ ಪಾಲಿಕೆಯೇ. ಬೆಂಗಳೂರಿನಲ್ಲಿ ಹೀಗೆ ದಾಟದೆ ಉಳಿದ ಬಾಕಿ ನೂರಾರು ಕೋಟಿ ಅಂತ ಎಷ್ಟೋ ಸಲ ಸುದ್ದಿಯಾಗಿದೆ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಹಳೇ ಬಾಕಿ ಈಗ ಯಾರ ತಲೆ ಮೇಲೆ? ನನಗೆ ಲೈಬ್ರರಿಯ ಭವಿಷ್ಯದ ಭಯ ಇರುವುದು ಇಲ್ಲಿ, ಮೊಬೈಲಿನಿಂದ ಅಲ್ಲ. ನಾನು ಕೊಟ್ಟ 120 ರೂಪಾಯಿ ರಸ್ತೆ ದಾಟಿ ಈ ಕಟ್ಟಡದೊಳಗೆ ಬರುತ್ತಿಲ್ಲ, ಅಷ್ಟೇ.

ಸಿಬ್ಬಂದಿ ಬಗ್ಗೆ ಎರಡು ಮಾತು. ನಿವೃತ್ತರಾದವರ ಜಾಗಕ್ಕೆ ಹೊಸಬರು ಬರಲಿಲ್ಲ. ಇದೇ ಮೇಡಂ ಇನ್ನೊಂದು ಶಾಖೆಯನ್ನೂ ನೋಡಿಕೊಳ್ಳುತ್ತಾರೆ. ಅವರು ಅಲ್ಲಿಗೆ ಹೋದ ದಿನ ಇಲ್ಲಿ ಪೇಪರ್ ಕೋಣೆ ಮಾತ್ರ ತೆರೆದಿರುತ್ತದೆ. ಮಧ್ಯಾಹ್ನವಂತೂ ದಿನಾಲೂ ಬಾಗಿಲು ಹಾಕುತ್ತಾರೆ. ಮನೆಗೆಲಸ ಮುಗಿಸಿ ಹೆಂಗಸರಿಗೆ ಬಿಡುವಾಗುವುದೇ ಆ ಹೊತ್ತಿನಲ್ಲಿ. ಇನ್ನು ಹೆಂಗಸರ ಶೌಚಾಲಯಕ್ಕೆ ಸದಾ ಬೀಗ, ನೀರಿಲ್ಲ ಅಂತ ಕಾರಣ. ಓದಲು ಬರುವ ಹುಡುಗಿಯರು ನನ್ನ ಅಂಗಡಿಯ ಹಿಂದಿನ ಮನೆಗೆ ಬರುತ್ತಾರೆ. ಬರಲಿ, ನನಗೇನೂ ಬೇಜಾರಿಲ್ಲ. ಆದರೆ ಇದು ನಾನು ಮಾಡಬೇಕಾದ ವ್ಯವಸ್ಥೆಯಾ?

ಹೀಗೇ ಇರಬೇಕು ಅಂತೇನೂ ಇಲ್ಲ. ನನ್ನ ತವರು ತುಮಕೂರು ಜಿಲ್ಲೆಯ ಹಳ್ಳಿ. 2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಕೊಟ್ಟರು. ಮರುವರ್ಷ ನವೆಂಬರಿನಲ್ಲಿ "ಓದುವ ಬೆಳಕು" ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಈಗ ಬೋರ್ಡಿನಲ್ಲಿ "ಅರಿವು ಕೇಂದ್ರ" ಅಂತಿದೆ. ಗೋಡೆಗೆ ಚಿತ್ರ, ನೆಲದ ಮೇಲೆ ಚಾಪೆ, ಮೂಲೆಯಲ್ಲಿ ಚೆಸ್ ಬೋರ್ಡ್. ಪುಸ್ತಕ ಮಕ್ಕಳ ಕೈಗೆ ಸಿಗುವಷ್ಟು ಕೆಳಗೆ. ಅಣ್ಣನ ಮಗಳು ಸ್ಕೂಲು ಬಿಟ್ಟ ಮೇಲೆ ನೇರ ಅಲ್ಲಿಗೆ ಹೋಗುತ್ತಾಳೆ. ಎಲ್ಲಾ ಹಳ್ಳಿಯಲ್ಲೂ ಹೀಗಿದೆ ಅಂತ ನಾನು ಹೇಳುತ್ತಿಲ್ಲ. ನಮ್ಮೂರಲ್ಲಿ ಇದೆ, ಬೆಂಗಳೂರಿನ ನಮ್ಮ ವಾರ್ಡಿನಲ್ಲಿ ಇಲ್ಲ.

ಡಿಜಿಟಲ್ ಲೈಬ್ರರಿ ಅಂತ ಇಲಾಖೆ 2020ರಲ್ಲಿ ಶುರುಮಾಡಿತು. ಮೊಬೈಲಲ್ಲಿ ನೋಂದಾಯಿಸಿಕೊಂಡರೆ ಪುಸ್ತಕ ಓದಬಹುದು. ಒಳ್ಳೆಯದೇ, ನಾನೂ ಸೇರಿದ್ದೇನೆ. ಆದರೆ ಸದಸ್ಯರ ಸಂಖ್ಯೆ ತೋರಿಸಿ ಶಾಖೆಯ ಫ್ಯಾನ್ ರಿಪೇರಿ ಮರೆಯಬಾರದು. ನನ್ನನ್ನು ಕೇಳಿದರೆ ಮೊದಲು ಮಧ್ಯಾಹ್ನ ತೆರೆಯಿರಿ, ಆಮೇಲೆ ಬೀರುವಿನ ಬೀಗ ತೆಗೆಯಿರಿ. ಆ್ಯಪ್ ಅದಾದ ಮೇಲೆ.

ಸ್ಟಾರ್ ಕೊಡಲೇಬೇಕು ಅಂದರೆ: ಕೂರುವ ಜಾಗಕ್ಕೆ 4, ಪೇಪರಿಗೆ 5, ಪುಸ್ತಕಕ್ಕೆ 2, ಮೇಡಂಗೆ 5. ಶೌಚಾಲಯಕ್ಕೆ ಸೊನ್ನೆ.

ಹೋಗುವವರಿಗೆ ಸ್ವಲ್ಪ ಮಾಹಿತಿ. ಓದಲು ಸದಸ್ಯತ್ವ ಬೇಡ, ಸುಮ್ನೆ ಹೋಗಿ ಕೂರಬಹುದು. ಪುಸ್ತಕ ಮನೆಗೆ ಒಯ್ಯಲು ಅರ್ಜಿ, ಆಧಾರ್ ಝೆರಾಕ್ಸ್, ಸ್ವಲ್ಪ ಠೇವಣಿ. ಸದಸ್ಯತ್ವ ಬಿಟ್ಟರೆ ಠೇವಣಿ ವಾಪಸ್. ಕುಡಿಯುವ ನೀರು ನೀವೇ ತನ್ನಿ. ಬೀರುವಿನ ಬೀಗ ನೋಡಿ ವಾಪಸ್ ಬರಬೇಡಿ, ಕೇಳಿದರೆ ಮೇಡಂ ಬೀರು ತೆಗೆದು ಕೊಡುತ್ತಾರೆ. ರಜೆ ಸೋಮವಾರ. ತಿಂಗಳ ಎರಡನೇ ಮಂಗಳವಾರವೂ ರಜೆ, ಅದು ಗೊತ್ತಿಲ್ಲದೆ ಬಂದವರು ಪ್ರತಿ ತಿಂಗಳೂ ನನ್ನ ಅಂಗಡಿಗೆ ಬಂದು ಕೇಳುತ್ತಾರೆ.