ಬ್ಯಾಕ್ಟೀರಿಯಾ ಒಂದು ಕಡೆ, ಕುರಿ ಇನ್ನೊಂದು ಕಡೆ: ಪ್ರೋಟೀನ್ ಡೇಟಾ ಬ್ಯಾಂಕ್ ಬಳಸಿ ನೋಡಿದೆ

ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಒಂದು ಕಾಲದಲ್ಲಿ ಬ್ಯಾಕ್ಟೀರಿಯಾ ಆಗಿತ್ತು ಅನ್ನುವ ಮಾತನ್ನು ಶಾಲೆಯ ದಿನಗಳಿಂದ ಕೇಳುತ್ತಲೇ ಬಂದಿದ್ದೇನೆ. ನಂಬಿಯೂ ಇದ್ದೆ. ಆದರೆ ಕಣ್ಣಾರೆ ಕಂಡಿದ್ದು ಹೋದ ವಾರ, ಪ್ರೋಟೀನ್ ಡೇಟಾ ಬ್ಯಾಂಕ್ ತಾಣದ ಮುಂದೆ ಎರಡು ಸಂಜೆ ಕೂತ ಮೇಲೆ.

ವಿಜ್ಞಾನಿಗಳು ಬಿಡಿಸಿದ ಪ್ರೋಟೀನ್ ರಚನೆಗಳನ್ನು ಕೂಡಿಡುವ ಭಂಡಾರ ಇದು. 1971ರಲ್ಲಿ ಬೆರಳೆಣಿಕೆಯ ರಚನೆಗಳಿಂದ ಶುರುವಾಗಿದ್ದು. ಪೂರ್ತಿ ಉಚಿತ, ಲಾಗಿನ್ ಕೂಡ ಬೇಡ. ಮಾಲ್‌ಸ್ಟಾರ್ ಅನ್ನುವ 3ಡಿ ವೀಕ್ಷಕ ಬ್ರೌಸರಿನಲ್ಲೇ ತೆರೆಯುತ್ತದೆ.

ನಾನು ಹುಡುಕಿದ್ದು ಉಸಿರಾಟದ ಸರಪಳಿಯ (ಆಹಾರದಿಂದ ಬಂದ ಎಲೆಕ್ಟ್ರಾನನ್ನು ಆಮ್ಲಜನಕದವರೆಗೆ ದಾಟಿಸುವ ಕಿಣ್ವಗಳ ಸಾಲು) ಮೊದಲ ಕಿಣ್ವ, ಕಾಂಪ್ಲೆಕ್ಸ್ 1. ಭಂಡಾರದಲ್ಲಿ ಪ್ರತಿ ರಚನೆಗೂ ಒಂದು ಸಂಕೇತ ಇರುತ್ತದೆ. ಒಂದು ಟ್ಯಾಬಿನಲ್ಲಿ 4ಎಚ್‌ಇಎ, ಅಂದರೆ ಬಿಸಿನೀರ ಬುಗ್ಗೆಗಳಲ್ಲಿ ಬದುಕುವ ಥರ್ಮಸ್ ಥರ್ಮೋಫಿಲಸ್ ಬ್ಯಾಕ್ಟೀರಿಯಾದ್ದು. ಇನ್ನೊಂದರಲ್ಲಿ 5ಎಲ್‌ಎನ್‌ಕೆ, ಕುರಿಯ ಮೈಟೊಕಾಂಡ್ರಿಯಾದ್ದು. ಮೊದಲ ನೋಟಕ್ಕೆ ಕುರಿಯದ್ದು ಬರೀ ಗೋಜಲು, 45 ತುಂಡುಗಳು (ಒಂದೊಂದೂ ಒಂದು ಪ್ರೋಟೀನ್ ಎಳೆ) ಒಂದರ ಮೇಲೊಂದು ಹೆಣೆದುಕೊಂಡಿವೆ. ಬ್ಯಾಕ್ಟೀರಿಯಾದ್ದರಲ್ಲಿ 16 ಮಾತ್ರ. ಆದರೆ ಎರಡರಲ್ಲೂ ಅದೇ ಎಲ್ ಆಕಾರ: ಒಂದು ತೋಳು ಪೊರೆಯೊಳಗೆ ಮಲಗಿದೆ, ಇನ್ನೊಂದು ಹೊರಗೆ ಎದ್ದು ನಿಂತಿದೆ.

ಆಮೇಲೆ ಪ್ರೋಟೀನನ್ನೆಲ್ಲ ಮರೆಮಾಡಿ, ಅದಕ್ಕೆ ಅಂಟಿಕೊಂಡ ಸಣ್ಣ ಅಣುಗಳಾದ ಲಿಗಂಡ್‌ಗಳನ್ನಷ್ಟೇ ಉಳಿಸಿದೆ. ಅಲ್ಲೇ ಮೈ ಜುಮ್ಮೆಂದಿತು! ಕಬ್ಬಿಣ-ಗಂಧಕದ ಪುಟ್ಟ ಗೊಂಚಲುಗಳು, ಹಳದಿ-ಕಿತ್ತಳೆ ಬಣ್ಣದವು, ಕತ್ತಲಲ್ಲಿ ಹಚ್ಚಿಟ್ಟ ದೀಪಗಳ ಸಾಲಿನಂತೆ ತೋಳಿನುದ್ದಕ್ಕೂ ನಿಂತಿದ್ದವು. ಎಲೆಕ್ಟ್ರಾನು ಒಂದರಿಂದ ಒಂದಕ್ಕೆ ಜಿಗಿಯುತ್ತಾ ಸುಮಾರು 90 ಆಂಗ್‌ಸ್ಟ್ರಾಮ್ ಸಾಗುವ ದಾರಿ ಅದು (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು), ಮತ್ತು ಕುರಿಯಲ್ಲೂ ಅದೇ ಸಾಲು, ಅದೇ ಬಾಗು. ಬ್ಯಾಕ್ಟೀರಿಯಾದಲ್ಲಿ ಒಟ್ಟು 9 ಗೊಂಚಲು, ಕುರಿಯಲ್ಲಿ 8. ಆ ಹೆಚ್ಚಿನ ಒಂದು ಸಾಲಿನಿಂದ ಪಕ್ಕಕ್ಕೆ ಸರಿದು ಕೂತಿದೆ, ಅಷ್ಟೇ ವ್ಯತ್ಯಾಸ.

ಎರಡಕ್ಕೂ ಸಾಮಾನ್ಯವಾದ ಮೂಲ ತುಂಡುಗಳು 14. ಅವುಗಳಲ್ಲಿ 7ರ ಜೀನ್ ಇವತ್ತಿಗೂ ಪ್ರಾಣಿಗಳ ಮೈಟೊಕಾಂಡ್ರಿಯಾದ ಸ್ವಂತ ಡಿಎನ್‌ಎಯಲ್ಲೇ ಇದೆ. ಕುರಿಯದ್ದರಲ್ಲಿ ಉಳಿದ 31 ಆಮೇಲೆ ಮೆತ್ತಿಕೊಂಡವು. ಒಂದು ಮಾತು, ಥರ್ಮಸ್ ನಮ್ಮ ಮೈಟೊಕಾಂಡ್ರಿಯಾದ ಹತ್ತಿರದ ನೆಂಟ ಅಲ್ಲ. ಆ ನೆಂಟಸ್ತಿಕೆ ಆಲ್ಫಾಪ್ರೋಟಿಯೋಬ್ಯಾಕ್ಟೀರಿಯಾ ಗುಂಪಿನದು. ದೂರದವನಲ್ಲೂ ಇದೇ ಯಂತ್ರ ಇದೆ ಅಂದರೆ ಈ ಕಿಣ್ವ ಮೈಟೊಕಾಂಡ್ರಿಯಾಕ್ಕಿಂತಲೂ ಹಳೆಯದು ಅಂತಾಯ್ತು ಅಲ್ವಾ?

ಹತ್ತಿರದ ನೆಂಟನೇ ಬೇಕಿದ್ದರೆ ಆ ಗುಂಪಿನ ಬ್ಯಾಕ್ಟೀರಿಯಾ ಪ್ಯಾರಾಕಾಕಸ್ ಡಿನೈಟ್ರಿಫಿಕನ್ಸ್ ನೋಡಿ. ಇದರ ಉಸಿರಾಟ ಮೈಟೊಕಾಂಡ್ರಿಯಾವನ್ನು ಎಷ್ಟು ಹೋಲುತ್ತದೆ ಅಂತ ವಿಜ್ಞಾನಿಗಳಾದ ಜಾನ್ ಮತ್ತು ವಾಟ್ಲಿ 1975ರಲ್ಲೇ ಬರೆದಿದ್ದರು. ಇದರ ಉಸಿರಾಟದ ಸರಪಳಿಯ ಕೊನೆಯ ಕಿಣ್ವವಾದ ಸೈಟೋಕ್ರೋಮ್ ಆಕ್ಸಿಡೇಸ್‌ನಲ್ಲಿ 4 ತುಂಡು, ದನದ್ದರಲ್ಲಿ 13.

ತಲೆ ಕೆಡಿಸಿದ್ದು ಹೆಸರುಗಳು. ಕಾಂಪ್ಲೆಕ್ಸ್ 1ರ ಒಂದೇ ತುಂಡಿಗೆ ಥರ್ಮಸ್‌ನಲ್ಲಿ ಎನ್‌ಕ್ಯುಒ12, ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಎನ್‌ಯುಒಎಲ್, ನಮ್ಮಲ್ಲಿ ಎನ್‌ಡಿ5. ಒಂದು ಹಾಳೆಯಲ್ಲಿ ಪಟ್ಟಿ ಬರೆದು ಪಕ್ಕಕ್ಕಿಟ್ಟುಕೊಂಡ ಮೇಲೇ ದಾರಿ ಸಿಕ್ಕಿದ್ದು. ಕಾಂಪ್ಲೆಕ್ಸ್ 1 ಬಗ್ಗೆ ಏನೂ ಓದದೆ ಸುಮ್ನೆ ತೆರೆದರೆ ಬಣ್ಣದ ರಿಬ್ಬನ್‌ಗಳು ಬಿಟ್ಟು ಬೇರೇನೂ ಕಾಣುವುದಿಲ್ಲ. ಫೋನಿನ ಚಿಕ್ಕ ಪರದೆಯೂ ಇದಕ್ಕೆ ಸಾಲದು.

ಜೀವಶಾಸ್ತ್ರ ಓದುವವರು, ಕಲಿಸುವವರು ಖಂಡಿತ ಬಳಸಿ. ಐದಕ್ಕೆ ಐದು ನಕ್ಷತ್ರ. ಮೊದಲ ಸಲ ತೆರೆದಾಗ ಪ್ರೋಟೀನ್ ಮರೆಮಾಡಿ ಆ ಗೊಂಚಲುಗಳ ಸಾಲನ್ನೇ ನೋಡಿ.