ಎಚ್‌ಆರ್ ಓದೋಕೆ ಬ್ರಿಟನ್ನೋ, ಕೆನಡಾವೋ?

ಗೋಣಿಕೊಪ್ಪದಲ್ಲಿ ಡಿಗ್ರಿ ಮುಗಿಸಿ ವಿದೇಶದಲ್ಲಿ ಎಚ್‌ಆರ್ (ಮಾನವ ಸಂಪನ್ಮೂಲ ನಿರ್ವಹಣೆ) ಓದಲು ಹೊರಟವರು ಮೊದಲು ಫೀಸು ಕೇಳುತ್ತಾರೆ. ನಾನಾದರೆ ಮೊದಲು ತಿಂಗಳು ಎಣಿಸುತ್ತೇನೆ. ಬ್ರಿಟನ್ನಿನಲ್ಲಿ ಎಂ.ಎಸ್ಸಿ. ಸಾಮಾನ್ಯವಾಗಿ 1 ವರ್ಷ. ಕೆನಡಾದಲ್ಲಿ ಮಾಸ್ಟರ್ಸ್ ಹೆಚ್ಚಾಗಿ 16ರಿಂದ 24 ತಿಂಗಳು. ತೋಟದ ದುಡ್ಡಲ್ಲಿ ಓದುವವರಿಗೆ ಇದು ಒಂದು ಕಾಫಿ ಕೊಯ್ಲಿನ ವ್ಯತ್ಯಾಸ, ಅಲ್ವಾ?

ಓದಿದ ಮೇಲೆ ಅಲ್ಲೇ ಉಳಿಯುವುದಾದರೆ ಕೆನಡಾ ಮುಂದು. ಮಾಸ್ಟರ್ಸ್ ಮಾಡಿದವರಿಗೆ 3 ವರ್ಷದವರೆಗೆ ವರ್ಕ್ ಪರ್ಮಿಟ್ ಸಿಗುತ್ತದೆ. ಬ್ರಿಟನ್ನಿನ ಗ್ರಾಜುಯೇಟ್ ವೀಸಾಕ್ಕೆ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 2 ವರ್ಷವಲ್ಲ, 18 ತಿಂಗಳು. ಓದುವಾಗಿನ ಪಾರ್ಟ್‌ಟೈಮ್ ಕೆಲಸ ವಾರಕ್ಕೆ ಬ್ರಿಟನ್ನಿನಲ್ಲಿ 20 ಗಂಟೆ, ಕೆನಡಾದಲ್ಲಿ 24.

ಬ್ರಿಟನ್ನಾದರೆ ಅಲ್ಲಿನ ಎಚ್‌ಆರ್ ವೃತ್ತಿಪರರ ಸಂಸ್ಥೆ ಸಿಐಪಿಡಿಯ ಮಾನ್ಯತೆ ಇರುವ ಕೋರ್ಸನ್ನೇ ಹಿಡಿಯಿರಿ, ಸುಮ್ನೆ ಹೆಸರು ನೋಡಿ ಸೇರಬೇಡಿ. ಕೆನಡಾದಲ್ಲಾದರೆ ಎಚ್‌ಆರ್ ವೃತ್ತಿಯ ಅರ್ಹತಾಪತ್ರವಾಗಿ ಒಂಟಾರಿಯೋದಲ್ಲಿ ಸಿಎಚ್‌ಆರ್‌ಪಿ, ಬೇರೆ ಹಲವು ಪ್ರಾಂತ್ಯಗಳಲ್ಲಿ ಸಿಪಿಎಚ್‌ಆರ್ ನಡೆಯುತ್ತದೆ.

ಎರಡೂ ಕಡೆ ಕಲಿಸುವುದು ಅವರವರ ಕಾರ್ಮಿಕ ಕಾನೂನನ್ನು. ಮಡಿಕೇರಿಯ ರೆಸಾರ್ಟಿಗೋ ಬೆಂಗಳೂರಿಗೋ ವಾಪಸ್ ಬಂದರೆ ಪಿಎಫ್, ಇಎಸ್‌ಐ, ಗ್ರಾಚ್ಯುಟಿ ಎಲ್ಲ ಹೊಸದಾಗಿ ಕಲಿಯಬೇಕು. ಬರುವ ಯೋಚನೆ ಇದ್ದರೆ ನನ್ನ ಓಟು ಬ್ರಿಟನ್ನಿಗೆ. ಅಂದ ಹಾಗೆ, ತೋಟದ ಲೈನ್ ಮನೆಯ ಕಾರ್ಮಿಕರ ಕೂಲಿ ತಕರಾರು ಬಗೆಹರಿಸಿದ ಅನುಭವ ಇದ್ದರೆ ಅರ್ಜಿಯಲ್ಲಿ ಬರೆಯಿರಿ. ಅದೂ ಎಚ್‌ಆರ್ ಕೆಲಸವೇ.